ಎತ್ತಿದ ಕಾಲಿನ ಕುದುರೆ

ಲಂಡನ್ನಿನಲ್ಲಿ ನಾನು ಮಾಡುವ ಕೆಲಸ ಕಾಲ್ನಡಿಗೆಯ ಪ್ರವಾಸದ ಗೈಡ್ ಕೆಲಸ. ಬೆಳಿಗ್ಗೆ ಹತ್ತೂವರೆಗೆ ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ ವಿಕ್ಟೋರಿಯಾ ಸ್ಮಾರಕದ ಬಳಿ ಜನ ಸೇರುತ್ತಾರೆ. ಅಲ್ಲಿಂದ ಮಾಲ್ ರಸ್ತೆಯಲ್ಲಿ ನಡೆದು, ಅಡ್ಮಿರಾಲ್ಟಿ ಕಮಾನಿನ ಕೆಳಗೆ ಹಾದು ಚೇರಿಂಗ್ ಕ್ರಾಸಿಗೆ ಬರುತ್ತೇವೆ. ಬಳಿಕ ವೈಟ್‌ಹಾಲ್ ರಸ್ತೆಯ ಗುಂಟ ಇಳಿದು ಡೌನಿಂಗ್ ಸ್ಟ್ರೀಟ್, ಪಾರ್ಲಿಮೆಂಟ್ ಚೌಕ, ವೆಸ್ಟ್‌ಮಿನ್‌ಸ್ಟರ್ ಅಬ್ಬೆಗಳನ್ನು ನೋಡುತ್ತೇವೆ. ಕನ್ನಡದವರ ಗುಂಪಾದರೆ ಲ್ಯಾಂಬೆತ್ ಸೇತುವೆ ದಾಟಿ ಬಸವಣ್ಣನ ಪ್ರತಿಮೆಯ ಬಳಿ ಮುಗಿಸುತ್ತೇನೆ. ಈ ಕೆಲಸದಲ್ಲಿ ನನಗೆ ಮೊದಲ ಪಾಠ ಕಲಿಸಿದ್ದು ಒಂದು ಕುದುರೆಯ ಮುಂಗಾಲು.

ಚೇರಿಂಗ್ ಕ್ರಾಸಿನ ವೃತ್ತದ ನಡುವೆ, ಟ್ರಫಾಲ್ಗರ್ ಚೌಕಕ್ಕೆ ಬೆನ್ನು ಮಾಡಿ, ಒಂದನೇ ಚಾರ್ಲ್ಸ್ ದೊರೆ ಕಂಚಿನ ಕುದುರೆಯ ಮೇಲೆ ಕುಳಿತಿದ್ದಾನೆ. ಲಂಡನ್ನಿಗೆ ಇಷ್ಟು ಮೈಲಿ ಎಂದು ರಸ್ತೆಯ ಫಲಕಗಳು ಹೇಳುವ ದೂರವನ್ನು ಅಳೆಯುವುದು ಇದೇ ಜಾಗದಿಂದ. ಕುದುರೆಯ ಒಂದು ಮುಂಗಾಲು ಮೇಲೆದ್ದಿದೆ. ಗೈಡುಗಳ ಬಾಯಲ್ಲಿ ಬಹಳ ಕಾಲದಿಂದ ಓಡಾಡುತ್ತಿರುವ ಒಂದು ಲೆಕ್ಕವುಂಟು: ಕುದುರೆಯ ಎರಡೂ ಮುಂಗಾಲು ಮೇಲಿದ್ದರೆ ಸವಾರ ರಣರಂಗದಲ್ಲಿ ಮಡಿದವನು, ಒಂದು ಕಾಲು ಮೇಲಿದ್ದರೆ ಗಾಯದಿಂದಲೋ ಪರರ ಕೈಯಿಂದಲೋ ಸತ್ತವನು, ನಾಲ್ಕೂ ಕಾಲು ನೆಲದ ಮೇಲಿದ್ದರೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿದವನು. ಹೇಳಲು ಸುಲಭ, ಕೇಳಲು ಸೊಗಸು, ಜನರು ಊರಿಗೆ ಮರಳಿದ ಮೇಲೂ ಮರೆಯುವುದಿಲ್ಲ. ಮೊದಲ ವರ್ಷ ಪೂರ್ತಿ ನಾನು ಅದನ್ನೇ ಹೇಳುತ್ತಿದ್ದೆ, ಪ್ರತಿ ಸಲವೂ ತಲೆಗಳು ತೂಗುತ್ತಿದ್ದವು.

ಒಂದು ದಿನ ಧಾರವಾಡದ ಕಡೆಯ ನಿವೃತ್ತ ಶಿಕ್ಷಕರೊಬ್ಬರು, ಮಗಳ ಮನೆಗೆಂದು ಬಂದವರು, ಗುಂಪಿನಲ್ಲಿದ್ದರು. ಅರಮನೆಯಿಂದ ಅಲ್ಲಿಯವರೆಗೆ ಒಂದು ಮಾತನ್ನೂ ಆಡಿರಲಿಲ್ಲ. ನಾನು ಕುದುರೆಯ ಕಾಲಿನ ಲೆಕ್ಕ ಮುಗಿಸಿದ ಮೇಲೆ ಕೊಡೆಯನ್ನು ಊರಿಕೊಂಡು ಕೇಳಿದರು: “ತಮ್ಮಾ, ಈ ಮೂರ್ತಿ ಮಾಡಿದ್ದು ಯಾವ ಇಸವಿಯೊಳಗ?”

“1633ರಲ್ಲಿ, ಸರ್.”

“ದೊರಿ ತಲಿ ತಗದದ್ದು?”

“1649ರಲ್ಲಿ.”

“ಹಂಗಾದ್ರ ಹದಿನಾರು ವರ್ಷ ಮೊದಲ ಈ ಕುದರಿಗೆ ಹೆಂಗ ಗೊತ್ತಾತು?”

ಗುಂಪು ನಕ್ಕಿತು. ಅವರು ನಗಲಿಲ್ಲ, ನಿಜವಾಗಿಯೂ ಉತ್ತರ ಬೇಕೆಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದರು. ಎರಡೂ ಇಸವಿಗಳನ್ನು ನಾನು ನೂರಾರು ಸಲ ಹೇಳಿದ್ದೆ, ಆದರೆ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿರಲಿಲ್ಲ. ನನಗೆ ಇಂದಿಗೂ ನಾಚಿಕೆ ತರುವುದು ಕಥೆ ಸುಳ್ಳಾದದ್ದಲ್ಲ. ಅದನ್ನು ಸುಳ್ಳೆಂದು ತೋರಿಸುವ ಎರಡು ಅಂಕಿಗಳು ನನ್ನ ಬಾಯಲ್ಲೇ ಇದ್ದದ್ದು.

ಇನ್ನೂ ಬೇಸರದ ಸಂಗತಿಯೆಂದರೆ, ಆ ಪ್ರತಿಮೆಗೆ ಅದರದೇ ಆದ ಕಥೆಯಿತ್ತು, ನಾನು ಅದನ್ನು ಬಿಟ್ಟು ಬಾಡಿಗೆಯ ಕಥೆ ಹೇಳುತ್ತಿದ್ದೆ. ಹ್ಯೂಬರ್ಟ್ ಲೆ ಸ್ಯೂರ್ ಎಂಬ ಶಿಲ್ಪಿ ಎರಕ ಹೊಯ್ದ ಈ ಪ್ರತಿಮೆಯನ್ನು, ದೊರೆಗೂ ಪಾರ್ಲಿಮೆಂಟಿಗೂ ಯುದ್ಧವಾಗಿ ದೊರೆ ಸೋತ ಬಳಿಕ, ಒಡೆದು ಕರಗಿಸಬೇಕೆಂಬ ಕರಾರಿನ ಮೇಲೆ ಜಾನ್ ರಿವೆಟ್ ಎಂಬ ಕಂಚುಗಾರನಿಗೆ ಮಾರಲಾಯಿತು. ಅವನು ಒಡೆಯಲಿಲ್ಲ, ಬಚ್ಚಿಟ್ಟ. ಅದೇ ಕಂಚಿನಿಂದ ಮಾಡಿದ್ದೆಂದು ಚಾಕುವಿನ ಹಿಡಿ ಮುಂತಾದ ಸಣ್ಣ ಸಾಮಾನುಗಳನ್ನು ಮಾರಿ ದುಡ್ಡು ಮಾಡಿಕೊಂಡನೆಂದೂ ಹೇಳುತ್ತಾರೆ. ರಾಜಪ್ರಭುತ್ವ ಮರಳಿದ ಮೇಲೆ ಪ್ರತಿಮೆ ಇಡಿಯಾಗಿ ಹೊರಬಂದು, 1675ರಲ್ಲಿ, ಮಗ ಎರಡನೇ ಚಾರ್ಲ್ಸ್ ಆಳುತ್ತಿದ್ದಾಗ, ಈಗಿರುವ ಜಾಗದಲ್ಲಿ ನಿಂತಿತು. ದೊರೆಯ ಮುಖ ವೈಟ್‌ಹಾಲಿನ ಕಡೆಗಿದೆ. ಅವನ ತಲೆ ಬಿದ್ದ ಜಾಗ ಅದೇ ರಸ್ತೆಯಲ್ಲಿ, ಐದು ನಿಮಿಷದ ನಡಿಗೆಯಷ್ಟು ದೂರದಲ್ಲಿದೆ. ಇಷ್ಟಿರುವಾಗ ಕುದುರೆಯ ಕಾಲಿನ ಲೆಕ್ಕ ಯಾರಿಗೆ ಬೇಕು?

ಆ ರಾತ್ರಿ ನನ್ನ ಟಿಪ್ಪಣಿ ಪುಸ್ತಕವನ್ನು ತೆಗೆದು ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕತೊಡಗಿದೆ. ಜನರ ಕಣ್ಣೆದುರು ನಿಂತು ಬೆರಳು ತೋರಿಸಬಹುದಾದದ್ದಕ್ಕೆ ಒಂದು ಗುರುತು, ದಾಖಲೆಯಲ್ಲಿ ಇರುವುದಕ್ಕೆ ಇನ್ನೊಂದು, ಮತ್ತೊಬ್ಬ ಗೈಡಿನಿಂದ ಕೇಳಿ ಕಲಿತದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ. ಮುಗಿಯುವ ಹೊತ್ತಿಗೆ ಪುಟಗಳ ತುಂಬ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದವು. ಇಲ್ಲಿ ರಸ್ತೆಯಲ್ಲಿ ನಿಂತು ಗೈಡ್ ಕೆಲಸ ಮಾಡಲು ಪರವಾನಗಿ ಬೇಕಾಗಿಲ್ಲ. ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನಂಥ ಕಟ್ಟಡಗಳ ಒಳಗೆ ಗುಂಪು ನಡೆಸಬೇಕಾದರೆ ಮಾತ್ರ ಪರೀಕ್ಷೆ ಪಾಸಾಗಿ ಬ್ಯಾಡ್ಜ್ ಪಡೆದಿರಬೇಕು. ಹಾಗಾಗಿ ಬೀದಿಯಲ್ಲಿ ಆಡಿದ ಮಾತನ್ನು ತಿದ್ದುವವರಿಲ್ಲ, ಒಬ್ಬ ತಪ್ಪಿದ್ದನ್ನು ಹತ್ತು ಮಂದಿ ಕಲಿಯುತ್ತಾರೆ.

ಅರಮನೆಯ ಮುಂದೆ ಹೆಚ್ಚು ತಿದ್ದುವುದಿರಲಿಲ್ಲ. 775 ಕೋಣೆಗಳೆಂದರೆ ಜನರು ಬೆರಗಾಗುತ್ತಾರೆ, ಆದರೆ ಯಾವುದೇ ಕೋಣೆ ಅಲ್ಲಿಂದ ಕಾಣುವುದಿಲ್ಲ, ಕಾಣುವುದು ಧ್ವಜ. ದೊರೆ ಒಳಗಿದ್ದರೆ ರಾಜಧ್ವಜ, ಇಲ್ಲದಿದ್ದರೆ ದೇಶದ ಬಾವುಟವಾದ ಯೂನಿಯನ್ ಧ್ವಜ. ಇದು ಅನಾದಿ ಕಾಲದ ಸಂಪ್ರದಾಯವೆಂದು ಹೇಳುತ್ತಿದ್ದೆ. ಅಲ್ಲ, 1997ರವರೆಗೆ ರಾಣಿ ಇಲ್ಲದಾಗ ಕಂಬ ಬರಿದಾಗಿರುತ್ತಿತ್ತು. ಡಯಾನಾ ತೀರಿಕೊಂಡಾಗ ಬರಿದಾದ ಕಂಬವನ್ನು ನೋಡಿ ಜನ ಸಿಟ್ಟಾದ ಮೇಲೆ ಯೂನಿಯನ್ ಧ್ವಜ ಅರ್ಧಕ್ಕೆ ಹಾರಿತು, ಅಲ್ಲಿಂದೀಚೆಗೆ ಅದು ರೂಢಿಯಾಯಿತು. ಹಳೆಯದೆಂದು ಕಾಣುವ ಅರಮನೆಯ ಮುಂಭಾಗದ ಕಲ್ಲು ಕೂಡ 1913ರದು. ಈ ನಗರದಲ್ಲಿ ಹಳೆಯದು ಎಂಬ ಪದವನ್ನು ಬಳಸುವ ಮೊದಲು ನಾನೀಗ ಇಸವಿ ನೋಡಿಕೊಳ್ಳುತ್ತೇನೆ.

ತೀರಾ ಕಷ್ಟವಾದದ್ದು ವೈಟ್‌ಹಾಲಿನಲ್ಲಿ, ಏಕೆಂದರೆ ಅಲ್ಲಿ ನಿಜವೂ ದಂತಕಥೆಯೂ ಎದುರುಬದುರು ನಿಂತಿವೆ. ಒಂದು ಬದಿಯಲ್ಲಿ ಬ್ಯಾಂಕ್ವೆಟಿಂಗ್ ಹೌಸ್. ಇನಿಗೊ ಜೋನ್ಸ್ ಎಂಬ ವಾಸ್ತುಶಿಲ್ಪಿ ಕಟ್ಟಿದ, 1622ರಲ್ಲಿ ಮುಗಿದ ಈ ಕಟ್ಟಡವೇ, 1698ರ ಬೆಂಕಿಯಲ್ಲಿ ಸುಟ್ಟುಹೋದ ವೈಟ್‌ಹಾಲ್ ಅರಮನೆಯಲ್ಲಿ ಇಡಿಯಾಗಿ ಉಳಿದ ಒಂದೇ ಭಾಗ. ರಾಜರು ದೇವರ ಪ್ರತಿನಿಧಿಗಳೆಂದು ನಂಬಿದ್ದ ತನ್ನ ತಂದೆಯನ್ನು ಕೊಂಡಾಡುವ ಚಿತ್ರಗಳನ್ನು ರೂಬೆನ್ಸ್‌ನಿಂದ ಬರೆಸಿ ಒಂದನೇ ಚಾರ್ಲ್ಸ್ ಇದರ ಒಳಚಾವಣಿಗೆ ಕೂರಿಸಿದ. 1649ರ ಜನವರಿ 30ರಂದು ಅದೇ ಕಟ್ಟಡದಿಂದ ಹೊರಗೆ, ರಸ್ತೆಯಲ್ಲಿ ಕಟ್ಟಿದ್ದ ಮರದ ಅಟ್ಟಣೆಗೆ ಅವನನ್ನು ಕರೆತಂದು ಶಿರಚ್ಛೇದ ಮಾಡಿದರು. ಅಂದು ಕೊರೆಯುವ ಚಳಿ. ನಡುಗಿದರೆ ಹೆದರಿದನೆಂದು ಜನ ತಿಳಿದಾರು ಎಂದು ಅವನು ಒಂದರ ಮೇಲೊಂದು ಎರಡು ಅಂಗಿ ತೊಟ್ಟಿದ್ದ. ಈ ಅಂಗಿಯ ಮಾತು ದಾಖಲೆಯಲ್ಲಿದೆ. ಡಿಸೆಂಬರಿನ ಗಾಳಿಯಲ್ಲಿ ಅದನ್ನು ಹೇಳುವಾಗ ಕೇಳುವವರು ತಮ್ಮ ಕೋಟಿನ ಗುಂಡಿ ಹಾಕಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಎದುರಿಗೆ ಹಾರ್ಸ್ ಗಾರ್ಡ್ಸ್ ಕಟ್ಟಡದ ಗಡಿಯಾರ. ಅದರ ಮುಖದಲ್ಲಿ ಎರಡರ ಅಂಕಿಯ ಬಳಿ ಕಪ್ಪು ಗುರುತಿದೆ, ದೊರೆಯ ತಲೆ ಬಿದ್ದ ಗಂಟೆಯ ನೆನಪಿಗಾಗಿ ಎಂದು ಎಲ್ಲರೂ ಹೇಳುತ್ತಾರೆ. ಗುರುತು ಕಣ್ಣಿಗೆ ಕಾಣುತ್ತದೆ, ಆದರೆ ಕಟ್ಟಡ 18ನೇ ಶತಮಾನದ ನಡುಭಾಗದ್ದು, ದೊರೆ ಸತ್ತು ನೂರು ವರ್ಷದ ಮೇಲಿನದು. ಇದನ್ನು ನಾನು ಕೈಬಿಡಲಿಲ್ಲ. ಮೊದಲು ಗುರುತನ್ನು ತೋರಿಸಿ, ಬಳಿಕ ಜನರ ಹೇಳಿಕೆಯನ್ನು ಹೇಳಿಕೆಯೆಂದೇ ಹೇಳಿ, ಕಟ್ಟಡದ ವಯಸ್ಸನ್ನೂ ತಿಳಿಸಿ ಸುಮ್ಮನಾಗುತ್ತೇನೆ. ಹೀಗೆ ಮಾಡಿದಾಗ ಜನರ ಆಸಕ್ತಿ ಕಡಿಮೆಯಾಗುತ್ತದೆ ಎಂದು ಹೆದರಿದ್ದೆ. ಆಗಲಿಲ್ಲ, ಅವರವರೇ ವಾದ ಶುರುಮಾಡುತ್ತಾರೆ. ನನಗೆ ಅಲ್ಲಿ ಇರುವ ನಿಜವಾದ ತಲೆನೋವು ಬೇರೆ: ಕಾವಲಿನ ಕುದುರೆಗಳು ಕಚ್ಚಬಹುದು, ಒದೆಯಬಹುದು ಎಂದು ಫಲಕವಿದ್ದರೂ ಫೋಟೋಗಾಗಿ ಲಗಾಮಿಗೆ ಕೈ ಹಾಕುವವರು.

ಡೌನಿಂಗ್ ಸ್ಟ್ರೀಟಿನಲ್ಲಿ ನೋಡಲು ಸಿಗುವುದು 1989ರಲ್ಲಿ ಹಾಕಿದ ಕಬ್ಬಿಣದ ಗೇಟು ಮಾತ್ರ. ಪ್ರಧಾನಿಯ ಮನೆಯಾದ 10ನೇ ನಂಬರಿನ ಕಪ್ಪು ಇಟ್ಟಿಗೆ ನಿಜಕ್ಕೂ ಹಳದಿ, ಎರಡು ಶತಮಾನದ ಹೊಗೆಯಿಂದ ಕಪ್ಪಾದದ್ದು. 1960ರ ದಶಕದ ದುರಸ್ತಿಯಲ್ಲಿ ತೊಳೆದಾಗ ಬಣ್ಣ ಬಯಲಾಗಿ, ಜನರಿಗೆ ಪರಿಚಿತವಾದ ನೋಟ ಉಳಿಯಲೆಂದು ಕಪ್ಪು ಬಳಿದರು. ಇದನ್ನು ಹೇಳಿ ಮುಂದೆ ಸಾಗುತ್ತೇನೆ. ಸ್ವಲ್ಪ ಮುಂದೆ ರಸ್ತೆಯ ನಡುವೆ ಸೆನೊಟಾಫ್, ಅಂದರೆ ಖಾಲಿ ಸಮಾಧಿ. ಮೊದಲ ಮಹಾಯುದ್ಧ ಮುಗಿದು 1919ರಲ್ಲಿ ನಡೆದ ವಿಜಯದ ಮೆರವಣಿಗೆಗೆಂದು ವಾಸ್ತುಶಿಲ್ಪಿ ಲಟ್ಯನ್ಸ್ ಅದನ್ನು ಮರ ಮತ್ತು ಪ್ಲಾಸ್ಟರಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದ್ದರು. ಮಕ್ಕಳನ್ನು ಕಳೆದುಕೊಂಡವರು ಅದರ ಬುಡದಲ್ಲಿ ಹೂವಿನ ರಾಶಿ ಹಾಕಿದ್ದರಿಂದ ಮರುವರ್ಷ ಕಲ್ಲಿನಲ್ಲಿ ಕಟ್ಟಬೇಕಾಯಿತು. ನಮ್ಮ ವೀರಗಲ್ಲನ್ನು ನೋಡಿ ಬೆಳೆದವರಿಗೆ ಇದು ವಿಚಿತ್ರವಾಗಿ ತೋರುತ್ತದೆ: ವೀರನ ಚಿತ್ರವಿಲ್ಲ, ಹೆಸರಿಲ್ಲ, ಯಾವ ಧರ್ಮದ ಚಿಹ್ನೆಯೂ ಇಲ್ಲ.

ಪಾರ್ಲಿಮೆಂಟ್ ಚೌಕದಲ್ಲಿ ನಮ್ಮವರೆಲ್ಲ ಹುಡುಕುವುದು ಗಾಂಧೀಜಿಯನ್ನು. 2015ರ ಮಾರ್ಚಿನಲ್ಲಿ ಅನಾವರಣವಾದ ಪ್ರತಿಮೆ ಅದು. ಅದೇ ಚೌಕದಲ್ಲಿ ಚರ್ಚಿಲ್ ಇದ್ದಾನೆ, ಹಾಗಾಗಿ ಗಾಂಧೀಜಿಯನ್ನು ಅವನು ಕರೆದನೆನ್ನುವ ‘ಅರೆಬೆತ್ತಲೆ ಫಕೀರ’ ಎಂಬ ಮಾತು ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ನನ್ನ ಪುಸ್ತಕದಲ್ಲೂ ಅದು ಹಾಗೆಯೇ ಇತ್ತು. ತೆಗೆದು ನೋಡಿದರೆ, ಚರ್ಚಿಲ್‌ನ 1931ರ ಭಾಷಣದಲ್ಲಿ ಈ ಎರಡು ಪದಗಳು ಜೋಡಿಯಾಗಿ ಇಲ್ಲ. ರಾಜದ್ರೋಹಿ ವಕೀಲನೊಬ್ಬ ಫಕೀರನ ವೇಷ ಹಾಕಿಕೊಂಡು, ಅರೆಬೆತ್ತಲೆಯಾಗಿ ವೈಸರಾಯ್ ಅರಮನೆಯ ಮೆಟ್ಟಿಲು ಹತ್ತುವುದನ್ನು ನೋಡಿ ಹೇಸಿಗೆಯಾಗುತ್ತದೆ ಎಂಬರ್ಥದ ಉದ್ದವಾದ ವಾಕ್ಯವಿದೆ. ಮೂಲ ಇನ್ನೂ ಕಟುವಾಗಿದೆ. ಆದರೂ ನಾನು ಹೆಚ್ಚು ಹೊತ್ತು ನಿಲ್ಲಿಸುವುದು ಚರ್ಚಿಲ್ ಮುಂದೆ ಅಲ್ಲ, ಜನರು ಗಮನಿಸದೆ ದಾಟಿಹೋಗುವ ಸ್ಮಟ್ಸ್ ಪ್ರತಿಮೆಯ ಮುಂದೆ. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯನ್ನು ಜೈಲಿಗೆ ಹಾಕಿಸಿದ ಆಡಳಿತಗಾರ ಈತ. ಜೈಲಿನಲ್ಲಿ ಹೊಲಿದ ಒಂದು ಜೊತೆ ಚಪ್ಪಲಿಯನ್ನು ಗಾಂಧೀಜಿ 1914ರಲ್ಲಿ ಆ ದೇಶ ಬಿಡುವಾಗ ಇವನಿಗೆ ಕೊಟ್ಟರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಿಗೆ ಮೆಟ್ಟಿದ, ಗಾಂಧೀಜಿಯ ಎಪ್ಪತ್ತನೆಯ ಹುಟ್ಟುಹಬ್ಬದ ಹೊತ್ತಿಗೆ, ಅಂಥವರ ಚಪ್ಪಲಿಯಲ್ಲಿ ಕಾಲಿಡುವ ಯೋಗ್ಯತೆ ತನಗಿಲ್ಲವೆಂದು ಬರೆದು ಹಿಂದಿರುಗಿಸಿದ. ಈಗ ಇಬ್ಬರೂ ಒಂದೇ ಚೌಕದಲ್ಲಿದ್ದಾರೆ.

ಗಡಿಯಾರದ ಗೋಪುರದ ಬಗ್ಗೆ ಒಂದೇ ಮಾತು. ಬಿಗ್ ಬೆನ್ ಎಂಬುದು ಒಳಗಿನ 13.7 ಟನ್ ಗಂಟೆಯ ಹೆಸರು, ಗೋಪುರಕ್ಕೆ 2012ರಿಂದ ಎಲಿಜಬೆತ್ ಗೋಪುರವೆಂದು ಹೆಸರು. ಇದನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ನಾನು ಜೇಬಿನಿಂದ ಹಳೆಯ ಕಾಲದ ದೊಡ್ಡ ಪೆನ್ನಿ ನಾಣ್ಯವೊಂದನ್ನು ತೆಗೆದು ಕೈಯಿಂದ ಕೈಗೆ ದಾಟಿಸುತ್ತೇನೆ. ಇಂಥ ನಾಣ್ಯಗಳನ್ನೇ ಲೋಲಕದ ಮೇಲೆ ಪೇರಿಸಿ ಆ ಗಡಿಯಾರವನ್ನು ಸರಿಮಾಡುತ್ತಾರೆ. ಒಂದು ನಾಣ್ಯ ಇಟ್ಟರೆ ದಿನಕ್ಕೆ 0.4 ಸೆಕೆಂಡ್ ಮುಂದೆ ಓಡುತ್ತದೆ. ನಾಣ್ಯ ಕೈಗೆ ಬಂದ ಕ್ಷಣ ಚಿಕ್ಕ ಮಕ್ಕಳೂ ತಲೆಯೆತ್ತಿ ಗೋಪುರವನ್ನು ನೋಡುತ್ತಾರೆ.

ಕೊನೆಗೆ ನದಿಯಾಚೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದ ಬಸವಣ್ಣನ ಪ್ರತಿಮೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿದೆ. ಅಲ್ಲಿ ಒಂದು ಪ್ರಶ್ನೆ ತಪ್ಪಿದ್ದಲ್ಲ. ಕಳೆದ ಬೇಸಿಗೆಯಲ್ಲಿ ಯುವಕನೊಬ್ಬ ಕ್ಯಾಮೆರಾ ಹಿಡಿದುಕೊಂಡೇ ಕೇಳಿದ: “ಸರ್, ಇವ್ರ ಪಾರ್ಲಿಮೆಂಟ್ ನಮ್ಮ ಅನುಭವ ಮಂಟಪ ನೋಡಿ ಮಾಡಿದ್ದಂತೆ. ಅದನ್ನೊಂಚೂರು ಹೇಳಿ, ವಿಡಿಯೋ ಮಾಡ್ಕೊಳ್ತೀನಿ.”

ಹೌದೆಂದಿದ್ದರೆ ಎಲ್ಲರಿಗೂ ಖುಷಿಯಾಗುತ್ತಿತ್ತು, ನನಗೂ. ಇಲ್ಲ ಎಂದೆ. ಇಲ್ಲಿನ ಸಭೆ ಬೆಳೆದದ್ದು ದೊರೆಗೂ ಸಾಮಂತರಿಗೂ ನಡೆದ ತೆರಿಗೆಯ ಜಗಳದಿಂದ. ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾ ಕಾರ್ಟಾ ಒಪ್ಪಂದ, 1265ರಲ್ಲಿ ಸೈಮನ್ ಡಿ ಮಾಂಟ್‌ಫರ್ಟ್ ಎಂಬ ಸಾಮಂತ ಪಟ್ಟಣಗಳ ಪ್ರತಿನಿಧಿಗಳನ್ನೂ ಕರೆದ ಸಭೆ, ಹೀಗೆ ಅದರ ಬೇರೇ ಬೇರೆ. ಕಲ್ಯಾಣದ ಸುದ್ದಿ ಇಲ್ಲಿಗೆ ಬಂದದ್ದಕ್ಕೆ ಆಧಾರವಿಲ್ಲ. ಬಳಿಕ ಇನ್ನೊಂದು ಮಾತನ್ನೂ ಸೇರಿಸಿದೆ: 12ನೇ ಶತಮಾನದ ವಚನಕಾರ್ತಿಯರ ಮಾತುಗಳು ಅವರವರ ಅಂಕಿತದೊಂದಿಗೆ ಇಂದಿಗೂ ನಮ್ಮ ಕೈಯಲ್ಲಿವೆ, ಎದುರಿನ ಕಾಮನ್ಸ್ ಸದನದಲ್ಲಿ ಮೊದಲ ಮಹಿಳೆ ಆಸನದಲ್ಲಿ ಕುಳಿತದ್ದು 1919ರಲ್ಲಿ. ಯುವಕ ಕ್ಯಾಮೆರಾ ಕೆಳಗಿಳಿಸಿದ. ಜೊತೆಗಿದ್ದ ಅವನ ಅಜ್ಜಿ, “ಅವರದ್ದು ಅವರಿಗೆ, ನಮ್ಮದು ನಮಗೆ. ನೀನು ಫೋಟೋ ತೆಗಿ, ಕಾಲು ನೋಯ್ತಿದೆ” ಎಂದರು.

ಸಂಜೆ ಬಂದ ಅಭಿಪ್ರಾಯದಲ್ಲಿ ಐದಕ್ಕೆ ಮೂರು ನಕ್ಷತ್ರವಿತ್ತು. ಗೈಡಿಗೆ ನಾಡಿನ ಅಭಿಮಾನ ಸಾಲದು ಎಂದು ಬರೆದಿದ್ದರು. ಮಾತನ್ನು ನಾನು ಬದಲಿಸಿಲ್ಲ, ಅದನ್ನು ಹೇಳುವ ಜಾಗವನ್ನು ಬದಲಿಸಿದ್ದೇನೆ. ಈಗ 1265ರ ಸಂಗತಿಯನ್ನು ಸೇತುವೆ ದಾಟುವ ಮೊದಲೇ, ಪಾರ್ಲಿಮೆಂಟಿನ ಗೋಡೆಯ ಪಕ್ಕದಲ್ಲಿ ನಿಂತು ಹೇಳಿ ಮುಗಿಸುತ್ತೇನೆ. ಬಸವಣ್ಣನ ಮುಂದೆ ಹೋದಾಗ ಒಂದು ವಚನವನ್ನು ಓದುತ್ತೇನೆ, ಆಮೇಲೆ ಅಲ್ಲಿನ ಬೆಂಚುಗಳ ಮೇಲೆ ಎಲ್ಲರೂ ಕುಳಿತುಕೊಳ್ಳುತ್ತಾರೆ.