ಹಕ್ಕಿ ಅಂದ್ರೆ ಹಾರುತ್ತೆ, ಅಲ್ವಾ?

ಯಾರೋ ಹಕ್ಕಿ ಸಾಕಿದ್ದಾರೆ ಅಂದರೆ ಸಾಕು, ಅದು ಹಾರುತ್ತದೆ ಎಂದು ಅಂದುಕೊಳ್ಳುತ್ತೇವೆ. ಆಮೇಲೆ ಅದು ಪೆಂಗ್ವಿನ್ ಎಂದು ತಿಳಿದರೆ 'ಓ, ಹಾಗಾದರೆ ಹಾರಲ್ಲ' ಅನ್ನುತ್ತೇವೆ. ನಮಗೆ ಇಷ್ಟು ಸಲೀಸು. ಕಂಪ್ಯೂಟರ್‌ಗೆ ಇದನ್ನು ಕಲಿಸಲು ಹೋದವರು ಮಾತ್ರ ಸುಸ್ತಾದರು. ಹಳೆಯ ತರ್ಕದಲ್ಲಿ ಒಮ್ಮೆ ಸಾಬೀತಾಗಿದ್ದನ್ನು ಹೊಸ ಸುದ್ದಿ ಬಂದರೂ ವಾಪಸ್ ಪಡೆಯುವಂತಿಲ್ಲ! 1980ರಲ್ಲಿ ರೇಮಂಡ್ ರೈಟರ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ದಾರಿ ಕೊಟ್ಟರು: ಅಡ್ಡಿ ಬರುವ ಮಾಹಿತಿ ಇಲ್ಲದಿದ್ದರೆ ಹಾರುತ್ತದೆ ಎಂದೇ ಇಟ್ಟುಕೋ, ಬಂದರೆ ಬಿಟ್ಟುಬಿಡು. ಅದೇ ವರ್ಷ ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ ಇದೇ ತೊಡಕಿಗೆ ಬೇರೊಂದು ದಾರಿ ಹಿಡಿದರು.

ಜನ ಇದರ ಜೊತೆ ಕಲಸಿಬಿಡುವ ಇನ್ನೊಂದು ತೊಡಕಿದೆ. 'ಅವನು ಎತ್ತರ' ಅನ್ನಿ. ಅವನ ಅಳತೆ ಪೂರ್ತಿ ಗೊತ್ತಿದ್ದರೂ ಗೆರೆ ಎಲ್ಲಿ ಎಳೆಯೋದು? ಇಲ್ಲಿ ಮಾಹಿತಿ ಕಮ್ಮಿಯಾಗಿಲ್ಲ, ಮಾತೇ ಮಸುಕು. ಲಾಟ್ಫಿ ಜಾದೆ ಎಂಬ ವಿಜ್ಞಾನಿ 1965ರಲ್ಲೇ ಇದಕ್ಕೆ ಹೌದು-ಇಲ್ಲ ಬಿಟ್ಟು 0ಯಿಂದ 1ರವರೆಗಿನ ಅಳತೆ ಕೊಟ್ಟರು. ಒಬ್ಬ 0.7ರಷ್ಟು ಎತ್ತರ ಇರಬಹುದು. ಚೆನ್ನಾಗಿದೆ, ಆದರೆ ಆ 0.7 ಅನ್ನು ಯಾರು ಹೇಳಬೇಕು ಅನ್ನೋದು ನನಗೆ ಇನ್ನೂ ಕೊರೆಯುತ್ತದೆ.

ಈಗಿನ ಚಾಟ್‌ಬಾಟ್‌ಗಳು ಗೊತ್ತಿಲ್ಲದ ಜಾಗವನ್ನು ಸರಾಗವಾಗಿ ತುಂಬುತ್ತವೆ. ಯಾವುದು ಊಹೆ, ಯಾವುದು ನಾವು ಹೇಳಿದ್ದು ಅಂತ ಬೇರೆ ಮಾಡಿ ತೋರಿಸುವುದು ಮಾತ್ರ ಅಪರೂಪ.