ನಿದ್ದೆ ಬರ್ತದೆ ಅಂದರು

ಉಡುಪಿಯಲ್ಲಿ ಶಾಲಾ ಮಕ್ಕಳ ದೇಶಭಕ್ತಿ ಗೀತೆ ಸ್ಪರ್ಧೆಗೆ ಈ ವಾರ ಪ್ರಾಕ್ಟೀಸ್. ಹಾಡು ‘ಏ ಮೇರೆ ವತನ್ ಕೆ ಲೋಗೋ’. ಹುಡುಗಿ ತಬಲಾ ಇಲ್ಲದೆ, ಬರೀ ಶ್ರುತಿ ಹಿಡಿದು ಪಲ್ಲವಿಗೆ ಮುಂಚಿನ ಪೀಠಿಕೆ ಶುರು ಮಾಡಿದ್ದಳಷ್ಟೆ, ಕಲಿಸುವವರು ಕೈ ಎತ್ತಿ ನಿಲ್ಲಿಸಿದರು. “ಅದು ಬೇಡ ಮಗಾ, ಸೀದಾ ಪಲ್ಲವಿಗೆ ಬಾ. ಜನರಿಗೆ ನಿದ್ದೆ ಬರ್ತದೆ.” ಆಮೇಲೆ ಕೀಬೋರ್ಡಿನವರ ಕಡೆ ತಿರುಗಿ, “ಸ್ವಲ್ಪ ಸ್ಪೀಡ್ ಮಾಡಿ ಮಾರಾಯ್ರೆ.”

ನಿದ್ದೆ ಬರ್ತದಂತೆ! 1963ರ ಜನವರಿ 27ರಂದು ದೆಹಲಿಯಲ್ಲಿ ಲತಾ ಮಂಗೇಶ್ಕರ್ ಇದನ್ನು ಹಾಡಿದಾಗ ನೆಹರೂ ಕಣ್ಣು ಒದ್ದೆಯಾಗಿತ್ತು. ಚೀನಾದ ಎದುರು ಸೋತು ಆಗಷ್ಟೇ ಎರಡು ತಿಂಗಳು. ಕವಿ ಪ್ರದೀಪರಿಗೆ ಸಾಲು ಹೊಳೆದದ್ದು ಮುಂಬಯಿಯ ಮಾಹಿಮ್ ಕಡಲ ಬದಿಯಲ್ಲಿ. ಬರೆದುಕೊಂಡದ್ದು ಸಿಗರೇಟ್ ಪ್ಯಾಕಿನ ಹಾಳೆಯ ಮೇಲೆ. ರಾಗ ಹಾಕಿದವರು ಸಿ. ರಾಮಚಂದ್ರ. ಅದೇ ಯುದ್ಧದಲ್ಲಿ, 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತವರ ಕುಮಾಂವ್ ಪಡೆಯ ಜವಾನರು ಕೊನೆಯವರೆಗೂ ಕಾದಾಡಿ ಮಡಿದಿದ್ದರು. ಲತಾ ಹಾಡಿದ ದಿನ ಆ ದೇಹಗಳು ಇನ್ನೂ ಹಿಮದಡಿಯಲ್ಲೇ ಇದ್ದವು.

ಜೈಕಾರ ಹಾಕಿ, ಹಬ್ಬ ಮಾಡಿ, ಆದರೆ ಮನೆಗೆ ಮರಳದವರನ್ನೂ ನೆನೆಯಿರಿ ಅನ್ನುವುದು ತಾಳವಿಲ್ಲದ ಆ ಪೀಠಿಕೆಯೇ. ಅದನ್ನು ಕತ್ತರಿಸಿದರೆ ಆ ಮಾತೇ ಹೋಗುತ್ತದೆ. ಕಲಿಸುವವರು ಒಳ್ಳೆಯವರು, ಸ್ವರಸ್ಥಾನದಲ್ಲಿ ಒಂದಿಷ್ಟೂ ರಾಜಿಯಿಲ್ಲ. ಅವರ ಹೆದರಿಕೆ ಸ್ಪರ್ಧೆಯಲ್ಲಿ ನಾಲ್ಕು ನಿಮಿಷಕ್ಕೆ ಹೊಡೆಯುವ ಗಂಟೆಯದ್ದು. ಆದರೂ ಆ ‘ನಿದ್ದೆ’ ಕಿವಿಯಿಂದ ಹೋಗುವುದಿಲ್ಲ.

ಯುದ್ಧಕಾಲದ ಹಾಡುಗಳಲ್ಲಿ ಬಾಳಿಕೆ ಬಂದವು ಹಲವು ಇಂಥ ನೆನಪಿನ ಹಾಡುಗಳೇ. ‘ಲಿಲಿ ಮಾರ್ಲೀನ್’ 1915ರಲ್ಲಿ ಹಾನ್ಸ್ ಲೈಪ್ ಎಂಬ ಜರ್ಮನ್ ಸೈನಿಕ ಬರೆದ ಪದ್ಯ. ದೀಪದ ಕಂಬದಡಿ ಕಾಯುವ ಹುಡುಗಿಯ ನೆನಪು, ಅಷ್ಟೇ. 1941ರಿಂದ ಬೆಲ್‌ಗ್ರೇಡ್ ರೇಡಿಯೋ ರಾತ್ರಿ ಹಾಕುತ್ತಿದ್ದ ಆ ಹಾಡನ್ನು ಉತ್ತರ ಆಫ್ರಿಕಾದಲ್ಲಿ ಜರ್ಮನರೂ ಕೇಳಿದರು, ಎದುರಿನ ಬ್ರಿಟಿಷರೂ ಕೇಳಿದರು.

ಸಮಯ ಕಡಿಮೆಯಿದ್ದರೆ ಚರಣ ಬಿಡಿ, ಪೀಠಿಕೆ ಬಿಡಬೇಡಿ. ಪೀಠಿಕೆ, ಪಲ್ಲವಿ, ಒಂದು ಚರಣ, ಕೊನೆಯ ಜೈ ಹಿಂದ್: ಎಳೆಯದೆ ಹಾಡಿದರೆ ನಾಲ್ಕು ನಿಮಿಷಕ್ಕೆ ಕೂರುತ್ತದೆ. ಪೀಠಿಕೆ ಒಬ್ಬಳೇ ಹಾಡಲಿ. ಗುಂಪು ಸೇರಿದರೆ ಉಸಿರು ಬೇರೆಬೇರೆ ಕಡೆ ಬಿದ್ದು ಸಾಲು ಒಡೆಯುತ್ತದೆ. ತಬಲಾ ಪಲ್ಲವಿಗೆ ಬರಲಿ. ಕರೋಕೆ ಟ್ರ್ಯಾಕ್ ಇರುವುದು ಸಾಮಾನ್ಯವಾಗಿ ಲತಾ ಶ್ರುತಿಯಲ್ಲೇ, ತಾರಕ್ಕೆ ಏರುವಾಗ ಮಕ್ಕಳ ಧ್ವನಿ ಸೀಳುತ್ತದೆ. ಮೊದಲು ಅತಿ ಎತ್ತರದ ಸಾಲನ್ನು ಹಾಡಿಸಿ ನೋಡಿ, ಅದು ಸಲೀಸಾಗಿ ಬರುವಷ್ಟು ಶ್ರುತಿ ಇಳಿಸಿ. ಸಭೆಯವರು ಚಪ್ಪಾಳೆ ತಟ್ಟಿ ತಾಳ ಓಡಿಸಲು ನೋಡಿದರೆ ತಬಲಾದವರು ಅದರ ಹಿಂದೆ ಹೋಗಬಾರದು.