ಬೋರ್ಡಲ್ಲಿ ನಲವತ್ತು, ರೋಡ್ ನೋಡಿದ್ರೆ ಎಂಬತ್ತು

ಮೈಸೂರಲ್ಲಿ ಸ್ಪೀಡಿನ ಮಾತು ಬಂದ್ರೆ ಸಾಕು, ಈಗಿನ ಹುಡುಗ್ರಿಗೆ ಶಿಸ್ತಿಲ್ಲ, ಲೈಸೆನ್ಸ್ ಕಿತ್ಕೊಂಡು ಮನೇಲಿ ಕೂರಿಸ್ಬೇಕು ಅಂತ ಶುರುವಾಗುತ್ತೆ. ಹುಡುಗ್ರು ಹಂಗೇ ಇರ್ಬೋದು, ನಾನ್ ಬೇಡ ಅನ್ನಲ್ಲ. ಆದ್ರೆ ಬೆಳಿಗ್ಗೆ ರಿಂಗ್ ರೋಡಲ್ಲಿ ನಿಂತು ನೋಡಿ, ರಿಟೈರ್ ಆದ ಮೇಷ್ಟ್ರು, ಮದುವೆಗೆ ಹೊರಟ ಫ್ಯಾಮಿಲಿ, ಎಲ್ರೂ ಅದೇ ಸ್ಪೀಡಲ್ಲೇ ಹೋಗ್ತಿರ್ತಾರೆ. ಇವ್ರಿಗೆಲ್ಲ ಒಟ್ಟಿಗೆ ಶಿಸ್ತು ಕೆಟ್ಟೋಯ್ತಾ?

ನಮ್ಮ ಭಾಮೈದ ಇದಾನೆ, ಸಿಗ್ನಲ್ ಜಂಪ್ ಮಾಡೋನಲ್ಲ, ಬೆಲ್ಟ್ ಹಾಕ್ದೆ ಗಾಡಿ ಸ್ಟಾರ್ಟ್ ಮಾಡೋನಲ್ಲ. ಏನಪ್ಪಾ ಇಷ್ಟ್ ಸ್ಪೀಡು ಅಂದ್ರೆ "ಎಲ್ಲಿ ಸ್ಪೀಡು ಭಾವ, ನಲವತ್ತರಲ್ಲಿ ಹೋದ್ರೆ ಹಿಂದಿನೋರು ಹಾರ್ನ್ ಹೊಡ್ದು ಪ್ರಾಣ ತಿಂತಾರೆ" ಅಂತಾನೆ. ಸುಳ್ಳಲ್ಲ ಅದು. ಮೀಟರ್ ನೋಡ್ಕೊಂಡು ಓಡ್ಸೋರು ಕಮ್ಮಿ, ಪಕ್ಕದ ಗಾಡಿ ನೋಡ್ಕೊಂಡು ಓಡ್ಸೋರೇ ಜಾಸ್ತಿ.

ನನ್ ಪ್ರಕಾರ ಅಸಲಿ ವಿಷಯ ರೋಡಲ್ಲೇ ಇದೆ. ಹಳೇ ಮೈಸೂರನ್ನ ತಗೊಳ್ಳಿ, 1903ರಲ್ಲೇ ಇಲ್ಲಿ ಊರನ್ನ ಪ್ಲಾನ್ ಮಾಡಿ ಬೆಳೆಸೋಕೆ ಅಂತ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯ್ತು, ರಸ್ತೆ ಅಗಲವಾಗೇ ಇವೆ, ಆದ್ರೆ ಸ್ವಲ್ಪ ದೂರ ಹೋದ್ರೆ ಒಂದು ಸರ್ಕಲ್ ಸಿಗುತ್ತೆ. ಕೆ.ಆರ್. ಸರ್ಕಲ್, ಹಾರ್ಡಿಂಜ್ ಸರ್ಕಲ್ ಹತ್ರ ಯಾವ ಬೋರ್ಡೂ ಓದ್ದೇ ಇರೋನೂ ಕಾಲು ಬ್ರೇಕ್ ಮೇಲೆ ಇಡ್ತಾನೆ, ಸುತ್ತಾಕಿ ಹೋಗ್ಲೇಬೇಕಲ್ಲ. ಆಮೇಲೆ ರಿಂಗ್ ರೋಡ್ ಬಂತು, ಸುಮಾರು 42 ಕಿಲೋಮೀಟರ್, ಆರು ಲೇನು, ಮಧ್ಯೆ ಡಿವೈಡರ್. ಇಂಥ ರೋಡ್ ಮಾಡ್ಕೊಟ್ಟು ಪಕ್ಕದಲ್ಲೊಂದು ಸಣ್ಣ ಬೋರ್ಡ್ ನೆಟ್ಟು ನಿಧಾನಕ್ಕೆ ಹೋಗಿ ಅಂದ್ರೆ ಕಣ್ಣು ರೋಡಿನ ಮಾತೇ ಕೇಳುತ್ತೆ. ರೋಡ್ ಇಂಜಿನಿಯರ್‌ಗಳಲ್ಲಿ ಒಂದು ಲೆಕ್ಕ ಇದೆ, ರಸ್ತೆ ಫ್ರೀ ಇದ್ದಾಗ ನೂರಕ್ಕೆ 85 ಗಾಡಿಗಳು ಯಾವ ಸ್ಪೀಡಿನ ಒಳಗೆ ಇರ್ತವೆ ಅಂತ ಅಳೆದು ಲಿಮಿಟ್ ಅದ್ರ ಆಸುಪಾಸು ಇಡೋದು. ಜನ ಓಡಾಡೋ ಕಡೆ ಆ ಲೆಕ್ಕ ನಡಿಯಲ್ಲ, ಡ್ರೈವರ್‌ಗಳು ಓಟ್ ಹಾಕಿ ಸ್ಪೀಡ್ ನಿರ್ಧಾರ ಮಾಡೋಕೆ ನಡ್ಕೊಂಡು ಹೋಗೋ ಅಜ್ಜಿ ಏನ್ ತಪ್ಪು ಮಾಡಿದ್ಲು? ಆದ್ರೆ ಖಾಲಿ ರೋಡಲ್ಲಿ ಯಾರೂ ನಂಬದ ನಂಬರ್ ಹಾಕ್ಬಿಟ್ರೆ ಸ್ಕೂಲ್ ಮುಂದಿನ ನಂಬರನ್ನೂ ಯಾರೂ ನಂಬಲ್ಲ, ನಂಗೆ ಸಿಟ್ಟು ಬರೋದು ಅಲ್ಲಿ.

ಈಗ ಬೆಂಗಳೂರು ಹೈವೇ ಬೇರೆ ಸೇರ್ಕೊಂಡಿದೆ. 2023 ಮಾರ್ಚಲ್ಲಿ ಮಂಡ್ಯದಲ್ಲಿ ಉದ್ಘಾಟನೆ ಆಯ್ತು, ಆಗಸ್ಟಿಂದ ಬೈಕು ಆಟೋ ಟ್ರ್ಯಾಕ್ಟರನ್ನ ಮೇನ್ ರೋಡಿಂದ ಇಳಿಸಿದ್ರು, ಕಾರಿಗೆ ನೂರು ಲಿಮಿಟ್. ಒಂದು ಗಂಟೆ ನೂರರಲ್ಲಿ ಬಂದು ಕೊಲಂಬಿಯಾ ಏಷ್ಯಾ ಜಂಕ್ಷನ್ ಹತ್ರ ಊರೊಳಗೆ ಇಳಿದಾಗ ಅರವತ್ತು ಅಂದ್ರೆ ಗಾಡಿ ನಿಂತೇ ಹೋಗಿದೆ ಅನ್ಸುತ್ತೆ, ಅದು ಮೆದುಳಿನ ಮೋಸ, ಸ್ಪೀಡಿಗೆ ಒಗ್ಗಿಹೋಗಿರುತ್ತೆ ಅಷ್ಟೇ. ಕಾರಾದ್ರೂ ಹೇಳುತ್ತಾ ಅಂದ್ರೆ ಅದೂ ಇಲ್ಲ, 2019 ಜುಲೈಯಿಂದ ಬಂದ ಹೊಸ ಕಾರುಗಳಲ್ಲಿ ಬೀಪ್ ಹೊಡಿಯೋದು ಎಂಬತ್ತು ದಾಟಿದ್ಮೇಲೆ. ಅಂದ್ರೆ ಕುವೆಂಪುನಗರ ಡಬಲ್ ರೋಡಲ್ಲಿ ಎಪ್ಪತ್ತೆಂಟರಲ್ಲಿ ಹೋದ್ರೂ ಕಾರಿಗೆ ಏನೂ ಬೇಜಾರಿಲ್ಲ.

ಹೋಗಿ ಉಳಿಸೋದಾದ್ರೂ ಎಷ್ಟು? ಆರು ಕಿಲೋಮೀಟರ್‌ಗೆ ನಲವತ್ತರಲ್ಲಿ ಒಂಬತ್ತು ನಿಮಿಷ, ಅರವತ್ತರಲ್ಲಿ ಆರು, ಅದೂ ಮಧ್ಯೆ ಎಲ್ಲೂ ನಿಲ್ದೇ ಹೋದ್ರೆ. ಮುಂದಿನ ಸಿಗ್ನಲಲ್ಲಿ ಆ ಮೂರು ನಿಮಿಷ ಗೋತಾ. ಇನ್ನೊಂದು ಕಡೆ ನೋಡಿ, ರಸ್ತೆಗಳ ಅಳತೆ-ನಿಯಮ ಬರೆಯೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಏನೋ ಕಂಡು ಬ್ರೇಕ್ ಹಾಕಿ ಗಾಡಿ ನಿಲ್ಲೋಕೆ ನಲವತ್ತರಲ್ಲಿ 45 ಮೀಟರ್ ಬೇಕು, ಅರವತ್ತರಲ್ಲಿ 80. ಸ್ಪೀಡ್ ಒಂದೂವರೆ ಪಟ್ಟು, ದೂರ ಹೆಚ್ಚುಕಮ್ಮಿ ಎರಡು ಪಟ್ಟು. ಯಾರಿಗೂ ಇದು ಸೀಟಲ್ಲಿ ಕೂತಾಗ ಗೊತ್ತಾಗಲ್ಲ, ಏನೂ ಆಗ್ದೇ ಮನೆ ಸೇರಿದ ದಿನಗಳೇ ಜಾಸ್ತಿ ಅಲ್ವಾ, ಹಂಗಾಗಿ ಧೈರ್ಯ.

ಫೈನ್ ಇದೆಯಲ್ಲ ಅಂತೀರಾ. 2023 ಫೆಬ್ರವರಿಲಿ ಅರ್ಧಕ್ಕರ್ಧ ರಿಯಾಯಿತಿ ಕೊಟ್ರು, 2025ರಲ್ಲಿ ಮತ್ತೆ ಕೊಟ್ರು. ಜನ ಈಗ ದಸರಾ ಸೇಲಿಗೆ ಕಾದಂಗೆ ಕಾಯ್ತಾರೆ. ಹೈವೇಲಿ ಕ್ಯಾಮೆರಾ ಬಂದಿದ್ದು ಒಳ್ಳೇದೇ, ಆದ್ರೆ ಕ್ಯಾಮೆರಾ ಹತ್ರ ಬಂದಾಗ ಸಾಧು, ದಾಟಿದ್ಮೇಲೆ ಮತ್ತೆ ಅದೇ ಕಥೆ.

ನಮ್ ಜನ ನಿಜವಾಗ್ಲೂ ಮರ್ಯಾದೆ ಕೊಡೋದು ರೋಡ್ ಹಂಪ್‌ಗೆ ಮಾತ್ರ. ಅದಕ್ಕೂ ಅಳತೆ ಇದೆ, 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಇಪ್ಪತ್ತೈದರಲ್ಲಿ ಬಂದೋನು ಆರಾಮಾಗಿ ದಾಟ್ಬೇಕು. ನಮ್ಮ ಬಡಾವಣೆಲಿ ಹಾಕಿರೋದು ಗೋಡೆ, ಬಣ್ಣಾನೂ ಇಲ್ಲ, ರಾತ್ರಿ ಸ್ಕೂಟರಲ್ಲಿ ಬರೋರ ಸೊಂಟ ಮುರಿಯೋಕೆ ಹಾಕ್ದಂಗಿದೆ. ಅದನ್ನ ಕಿತ್ತು ಅಳತೆ ಪ್ರಕಾರ ಹಾಕಿ, ಸ್ಕೂಲ್ ಎದುರು ಮಕ್ಕಳು ದಾಟೋ ಜಾಗನ ರೋಡಿಗಿಂತ ಎತ್ತರ ಮಾಡಿ ಅಂತ ವಾರ್ಡ್ ಆಫೀಸಿಗೆ ಅರ್ಜಿ ಬರೀತಿದೀನಿ, ನಮ್ ಬೀದಿಯೋರು ಸೈನ್ ಹಾಕೋಕೆ ಭಾನುವಾರ ಮನೆ ಹತ್ರ ಬನ್ನಿ, ನಡ್ಕೊಂಡೇ ಬನ್ನಿ, ಪಾರ್ಕಿಂಗ್ ಇಲ್ಲ.